‘ಹೀ’ ಎಂದರೆ ಯಾರು?

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿತ ಹಲವು ತಲೆಮಾರುಗಳಿಗೆ ‘ರೆನ್ ಅಂಡ್ ಮಾರ್ಟಿನ್’ ಎಂಬ ಜೋಡಿ ಹೆಸರು ಚಿರಪರಿಚಿತ. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು 1930ರ ದಶಕದಲ್ಲಿ ಹೊರಬಂದ ಈ ವ್ಯಾಕರಣ ಪುಸ್ತಕ, ಬ್ರಿಟಿಷರು ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೂ ಇಲ್ಲಿಯೇ ಉಳಿಯಿತು. ಅದರ ಸರ್ವನಾಮದ ಪಾಠದಲ್ಲಿ ಒಂದು ಸಣ್ಣ ನಿಯಮವಿದೆ. ‘ಎನಿಬಡಿ’, ‘ಎವೆರಿಒನ್’, ‘ಈಚ್’ ಮುಂತಾದ ಮಾತುಗಳ ನಂತರ, ಹೇಳುತ್ತಿರುವುದು ಗಂಡಸಿನ ಬಗ್ಗೆಯೋ ಹೆಂಗಸಿನ ಬಗ್ಗೆಯೋ ತಿಳಿಯದಿದ್ದರೆ ‘ಹೀ’ ಎಂದೇ ಬರೆಯಬೇಕು. ಇಬ್ಬರಿಗೂ ಸಲ್ಲುವ ಏಕವಚನದ ಪ್ರಥಮಪುರುಷ ಸರ್ವನಾಮ ಇಂಗ್ಲಿಷಿನಲ್ಲಿ ಇಲ್ಲ ಎಂಬುದು ಅದಕ್ಕೆ ಕೊಟ್ಟಿರುವ ಕಾರಣ.

ಪ್ರಥಮಪುರುಷ ಎಂದಾಗ ಇಲ್ಲೊಂದು ಮಾತು ಹೇಳಬೇಕು. ಇಂಗ್ಲಿಷಿನವರ ಎಣಿಕೆ ‘ನಾನು’ ಎಂಬಲ್ಲಿಂದ ಶುರುವಾಗುತ್ತದೆ. ಅವರಿಗೆ ‘ಐ’ ಮೊದಲನೆಯದು, ‘ಹೀ’ ಮೂರನೆಯದು. ಸಂಸ್ಕೃತದ ಜಾಡು ಹಿಡಿದ ಕನ್ನಡ ವ್ಯಾಕರಣದಲ್ಲಿ ‘ಅವನು’ ಪ್ರಥಮ, ‘ನೀನು’ ಮಧ್ಯಮ, ‘ನಾನು’ ಉತ್ತಮ. ‘ಫಸ್ಟ್ ಪರ್ಸನ್’ ಎಂಬುದನ್ನು ಪ್ರಥಮಪುರುಷ ಎಂದು ಬರೆದು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವ ಹುಡುಗರ ತಪ್ಪು ದೊಡ್ಡದೇನಲ್ಲ. ಈ ಲೇಖನದಲ್ಲಿ ಪ್ರಥಮಪುರುಷ ಎಂದರೆ ಕನ್ನಡದ ಲೆಕ್ಕದಂತೆ ಅವನು, ಅವಳು, ಅದು, ಅವರು.

ಮೇಲೆ ಹೇಳಿದ ನಿಯಮ ನೋಡುವುದಕ್ಕೆ ಶಾಲೆಯ ಕರಿಹಲಗೆಯಿಂದಾಚೆಗೆ ಹೋಗುವಂಥದಲ್ಲ. ಆದರೆ ಆ ‘ಹೀ’ ಒಳಗೆ ಹೆಣ್ಣು ಸೇರಿದ್ದಾಳೆಯೇ ಇಲ್ಲವೇ ಎಂಬ ಪ್ರಶ್ನೆ ಇಂಗ್ಲೆಂಡು, ಅಮೆರಿಕ, ಭಾರತ ಈ ಮೂರೂ ದೇಶಗಳ ನ್ಯಾಯಾಲಯಗಳ ಮೆಟ್ಟಿಲು ಹತ್ತಿದೆ. ಮತ ಹಾಕುವ ಹಕ್ಕು, ವಕೀಲಿ ಮಾಡುವ ಹಕ್ಕು ಅದರ ಮೇಲೆ ನಿಂತಿದ್ದವು. ಇಂಗ್ಲಿಷ್ ಸರ್ವನಾಮಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ವ್ಯಾಕರಣವೊಂದೇ ತೀರ್ಮಾನಿಸಿದ ಉದಾಹರಣೆಗಳು ಕಡಿಮೆ. ಕಡಲು ದಾಟಿ ಬಂದವರು, ಅಂತಸ್ತಿನ ಅಭಿಮಾನಿಗಳು, ಹಟಮಾರಿ ಭಕ್ತರು, ಲ್ಯಾಟಿನ್ ಪಂಡಿತರು, ಕೊನೆಗೆ ಕಾನೂನು ಬರೆಯುವವರು, ಹೀಗೆ ಒಬ್ಬೊಬ್ಬರೂ ಅದರಲ್ಲಿ ಕೈಯಾಡಿಸಿದ್ದಾರೆ.

ಕನ್ನಡಿಗ ವಿದ್ಯಾರ್ಥಿಗೆ ಇಂಗ್ಲಿಷ್ ಸರ್ವನಾಮ ತೊಡಕಾಗುವುದಕ್ಕೆ ಅವನದೇ ಆದ ಕಾರಣಗಳಿವೆ. ಹಿರಿಯರನ್ನು ‘ಅವರು’ ಎಂದು ಕರೆದು ರೂಢಿಯಾದವನು ಇಂಗ್ಲಿಷಿನಲ್ಲೂ ತಂದೆಯ ವಿಷಯಕ್ಕೆ ‘ದೇ’ ಎಂದುಬಿಡುತ್ತಾನೆ. ಹೆಡ್‌ಮಾಸ್ತರರೊಬ್ಬರೇ ಇದ್ದರೂ ‘ದೇ ಹ್ಯಾವ್ ಕಮ್’. ಮೇಷ್ಟ್ರು ಅದಕ್ಕೆ ಕೆಂಪು ಶಾಯಿಯ ಗೆರೆ ಎಳೆದು ‘ಹೀ ಹ್ಯಾಸ್’ ಎಂದು ತಿದ್ದುತ್ತಾರೆ. ತಿದ್ದಿದ್ದು ಸರಿಯೇ. ಆದರೆ ಹುಡುಗನಿಗೆ ತಂದೆಯನ್ನು ಏಕವಚನದಲ್ಲಿ ಕರೆದಂತೆ ಒಳಗೊಳಗೇ ಕಸಿವಿಸಿ. ಇನ್ನೊಂದು ಕಡೆ, ಕನ್ನಡಕ್ಕೆ ‘ತಾನು, ತನ್ನ, ತಮ್ಮ’ ಎಂಬ ದೊಡ್ಡ ಅನುಕೂಲವಿದೆ. ‘ಪ್ರತಿಯೊಬ್ಬರೂ ತಮ್ಮ ಪುಸ್ತಕ ತರಬೇಕು’ ಎಂದರೆ ಮುಗಿಯಿತು. ಗಂಡು ಹೆಣ್ಣಿನ ಮಾತೇ ಏಳುವುದಿಲ್ಲ. ಇಂಗ್ಲಿಷಿನಲ್ಲಿ ಆ ‘ತಮ್ಮ’ ಎಂಬ ಜಾಗದಲ್ಲಿ ‘ಹಿಸ್’ ಹಾಕುವುದೋ ‘ಹರ್’ ಹಾಕುವುದೋ ಎಂಬ ಜಗಳ ಕೆಲವು ಶತಮಾನಗಳಿಂದ ನಡೆದಿದೆ. ಹಾಗೆಂದು ಕನ್ನಡ ಪೂರ್ತಿ ನಿರ್ದೋಷಿ ಎನ್ನುವಂತಿಲ್ಲ. ‘ಪ್ರತಿಯೊಬ್ಬನೂ’, ‘ಮನುಷ್ಯನಾದವನು’ ಎಂದು ಬರೆಯುವ ಕೈಗಳು ಇಲ್ಲಿಯೂ ಬೇಕಾದಷ್ಟಿವೆ.

ಸರ್ವನಾಮಗಳೆಂದರೆ ಭಾಷೆಯ ಒಳಮನೆಯ ಸಾಮಾನು. ಅನ್ಯಭಾಷೆಗಳಿಂದ ನಾಮಪದಗಳನ್ನು ಎರವಲು ತರುವುದು ಸುಲಭ. ಮೇಜು, ಕುರ್ಚಿ, ಬಸ್ಸು ಎಲ್ಲವೂ ಕನ್ನಡಕ್ಕೆ ಹಾಗೆ ಬಂದವು. ‘ಅವರು’ ಎಂಬ ಮಾತನ್ನೇ ಹೊರಗಿನಿಂದ ತರುವುದು ಬಹಳ ಅಪರೂಪ. ಇಂಗ್ಲಿಷ್ ಅದನ್ನು ಮಾಡಿದೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಅವನು’ ಎಂಬುದಕ್ಕೆ ‘ಹೇ’, ‘ಅವಳು’ ಎಂಬುದಕ್ಕೆ ‘ಹೇಓ’, ‘ಅವರು’ ಎಂಬುದಕ್ಕೆ ‘ಹೀಎ’ ಎಂಬಂಥ ರೂಪಗಳಿದ್ದವು. ಕಾಲ ಸರಿದಂತೆ ಉಚ್ಚಾರ ಸವೆದು ಈ ಮೂರನ್ನೂ ಕಿವಿಯಲ್ಲಿ ಬೇರೆ ಮಾಡುವುದೇ ಕಷ್ಟವಾಯಿತು. ಅಷ್ಟರಲ್ಲಿ ಡೆನ್ಮಾರ್ಕ್, ನಾರ್ವೆಗಳ ಕಡೆಯಿಂದ ದಾಳಿಗೆಂದು ಬಂದ ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಯೂರಿ, ಊರಿನವರೊಡನೆ ಬೆರೆತು ಸಂಸಾರ ಹೂಡಿದ್ದರು. ಅವರ ಭಾಷೆಯ ‘ಥೇಯ್ರ್’ ಎಂಬ ಮಾತು ಇಂದಿನ ‘ದೇ’ ಆಯಿತು.

ಅದು ದಕ್ಷಿಣಕ್ಕೆ ಇಳಿಯಲು ಕೆಲವು ಶತಮಾನ ಹಿಡಿಯಿತು. 1400ರಲ್ಲಿ ತೀರಿಕೊಂಡ ಲಂಡನ್ನಿನ ಕವಿ ಚಾಸರ್ ‘ಅವರು’ ಎನ್ನಲು ‘ದೇ’ ಎಂಬ ಹೊಸ ರೂಪವನ್ನು ಬಳಸುತ್ತಾನೆ. ‘ಅವರನ್ನು’, ‘ಅವರ’ ಎನ್ನಲು ಮಾತ್ರ ‘ಹೆಮ್’, ‘ಹಿರ್’ ಎಂಬ ಹಳೆಯ ರೂಪಗಳನ್ನೇ ಬಳಸುತ್ತಾನೆ. ಆ ಹಳೆಯ ‘ಹೆಮ್’ ಪೂರ್ತಿ ಸತ್ತಿಲ್ಲ. ಇಂಗ್ಲಿಷರು ಮಾತಿನಲ್ಲಿ ‘ದೆಮ್’ ಬದಲು ‘ಎಮ್’ ಎನ್ನುವುದನ್ನು ಸಿನಿಮಾಗಳಲ್ಲಿ ಕೇಳಬಹುದು. ಅದು ‘ದೆಮ್’ ಶಬ್ದದ ಸೋಮಾರಿ ಉಚ್ಚಾರಣೆ ಎಂದು ಬಹಳ ಮಂದಿ ಭಾವಿಸುತ್ತಾರೆ. ವಾಸ್ತವವಾಗಿ ಅದು ವೈಕಿಂಗರಿಗಿಂತ ಹಿಂದಿನ ಅಪ್ಪಟ ಇಂಗ್ಲಿಷಿನ ತುಣುಕು.

‘ಷಿ’ ಎಂಬ ರೂಪ ಬರಹದಲ್ಲಿ ಕಾಣಿಸಿಕೊಳ್ಳುವುದು 12ನೆಯ ಶತಮಾನದ ನಡುವೆ. ‘ಇಟ್ಸ್’ ಇನ್ನೂ ಕಿರಿಯದು. ‘ಅದರ’ ಎನ್ನುವುದಕ್ಕೂ ಇಂಗ್ಲಿಷರು ಬಹಳ ಕಾಲ ‘ಹಿಸ್’ ಎಂದೇ ಹೇಳುತ್ತಿದ್ದರು. 1611ರಲ್ಲಿ ಅಚ್ಚಾದ ಪ್ರಸಿದ್ಧ ಇಂಗ್ಲಿಷ್ ಬೈಬಲ್ಲಿನ ಮೂಲ ಮುದ್ರಣದಲ್ಲಿ ‘ಇಟ್ಸ್’ ಎಂಬ ಶಬ್ದವೇ ಇಲ್ಲ. ಇಂದು ಆ ಶಬ್ದಕ್ಕೆ ಮೇಲಿನ ಅಲ್ಪವಿರಾಮ ಚಿಹ್ನೆ ಹಾಕಬೇಕೋ ಬೇಡವೋ ಎಂದು ಅಧ್ಯಾಪಕರು ತಲೆ ಚಚ್ಚಿಕೊಳ್ಳುತ್ತಾರೆ. ಹಾಕಬಾರದು, ಹಾಕಿದರೆ ‘ಅದು ಆಗಿದೆ’ ಎಂಬ ಅರ್ಥವಾಗುತ್ತದೆ.

ಇನ್ನು ‘ನೀನು’, ‘ನೀವು’ಗಳ ಕಥೆ. ಇಂಗ್ಲಿಷಿನಲ್ಲಿ ಈ ಭೇದವಿಲ್ಲ, ಎಲ್ಲರಿಗೂ ‘ಯೂ’ ಒಂದೇ ಎಂದು ಕನ್ನಡಿಗರು ಕೆಲವೊಮ್ಮೆ ಅಚ್ಚರಿಯಿಂದ, ಕೆಲವೊಮ್ಮೆ ತುಸು ತಿರಸ್ಕಾರದಿಂದ ಹೇಳುವುದುಂಟು. ಇಂಗ್ಲಿಷ್ ಕಾದಂಬರಿಯನ್ನು ಕನ್ನಡಕ್ಕೆ ತರುವವರಿಗಂತೂ ಇದೊಂದು ಸಂಕಟ. ನಾಯಕ ನಾಯಕಿಯರು ಯಾವ ಪುಟದಲ್ಲಿ ‘ನೀವು’ ಬಿಟ್ಟು ‘ನೀನು’ ಎಂಬುದಕ್ಕೆ ಇಳಿದರು ಎಂಬುದನ್ನು ಮೂಲ ಲೇಖಕ ಹೇಳಿರುವುದೇ ಇಲ್ಲ, ಅನುವಾದಕನೇ ಊಹಿಸಬೇಕು. ಆದರೆ ಇಂಗ್ಲಿಷಿಗೂ ಆ ಭೇದ ಇತ್ತು. ಒಬ್ಬನಿಗೆ ‘ದೌ’, ಹಲವರಿಗೆ ‘ಯೀ’. ‘ದೌ’ ಕರ್ತೃವಾದರೆ ಅದರ ಕರ್ಮರೂಪ ‘ದೀ’. ‘ಯೀ’ ಕರ್ತೃವಾದರೆ ಅದರ ಕರ್ಮರೂಪ ‘ಯೂ’. ಅಂದರೆ ಇಂದು ಜಗತ್ತೆಲ್ಲ ಬಳಸುವ ‘ಯೂ’ ಮೂಲದಲ್ಲಿ ‘ನಿಮ್ಮನ್ನು’ ಎಂಬ ಮಾತು! ‘ಯೂ ಕೇಮ್’ ಎನ್ನುವುದು ಹಳೆಯ ವ್ಯಾಕರಣದ ಪ್ರಕಾರ ‘ನಿಮ್ಮನ್ನು ಬಂದಿರಿ’ ಎಂದಷ್ಟೇ ಅಸಂಬದ್ಧ. ಆ ತಪ್ಪು ಎಲ್ಲರ ಬಾಯಲ್ಲೂ ನೆಲೆಸಿ ಈಗ ಸರಿಯಾಗಿದೆ.

1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಫ್ರೆಂಚ್ ಆಸ್ಥಾನದ ರೀತಿಯಂತೆ, ದೊಡ್ಡವರೊಬ್ಬರನ್ನೇ ಬಹುವಚನದಲ್ಲಿ ಕರೆಯುವ ಮರ್ಯಾದೆ 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲೂ ಬೇರು ಬಿಟ್ಟಿತು. ಅಲ್ಲಿಂದ ಮುಂದೆ ‘ದೌ’ ಎಂಬುದು ಆಳುಗಳಿಗೆ, ಮಕ್ಕಳಿಗೆ, ಆಪ್ತರಿಗೆ, ದೇವರಿಗೆ. ದೇವರಿಗೆ ಏಕವಚನ ಏಕೆಂದು ಕನ್ನಡದ ವಚನ, ಕೀರ್ತನೆಗಳನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ಬೈಬಲ್ಲಿನ ಪ್ರಾರ್ಥನೆಗಳಲ್ಲಿ ಮಾತ್ರ ‘ದೌ’ ಕೇಳಿ ಗೊತ್ತಿರುವ ಇಂದಿನ ಇಂಗ್ಲಿಷರು ಅದನ್ನು ಬಹು ಗೌರವದ ಮಾತೆಂದು ತಿಳಿದಿರುವುದು ಭಾಷೆಯ ಇತಿಹಾಸದ ಒಂದು ತಮಾಷೆ.

ಸಮಾನಸ್ಕಂಧನನ್ನು ‘ದೌ’ ಎಂದರೆ ಅದು ನೇರ ಅವಮಾನ. 1603ರಲ್ಲಿ ಸರ್ ವಾಲ್ಟರ್ ರಾಲಿ ರಾಜದ್ರೋಹದ ಆರೋಪ ಎದುರಿಸಿ ವಿಂಚೆಸ್ಟರಿನಲ್ಲಿ ವಿಚಾರಣೆಗೆ ನಿಂತಾಗ, ಸರ್ಕಾರದ ಪರ ವಾದಿಸಿದ ಎಡ್ವರ್ಡ್ ಕೋಕ್, ನಿನ್ನನ್ನು ‘ದೌ’ ಎಂದೇ ಕರೆಯುತ್ತೇನೆ ಎಂದು ತುಂಬಿದ ಸಭೆಯಲ್ಲಿ ಸಾರಿ ಹೇಳಿದ. ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಸರ್ ಟೋಬಿ ಎಂಬ ಕುಡುಕ ತನ್ನ ಗೆಳೆಯನಿಗೆ, ಎದುರಾಳಿಯನ್ನು ಕೆಣಕುವ ಪತ್ರದಲ್ಲಿ ಮೂರು ಸಲವಾದರೂ ‘ದೌ’ ಎಂದು ಬರೆ ಎಂದು ಸಲಹೆ ಕೊಡುತ್ತಾನೆ. ನಮ್ಮಲ್ಲಿ ಬೀದಿಜಗಳ ಕಾವೇರುವುದು ‘ಏನ್ರೀ’ ಹೋಗಿ ‘ಏನೋ’ ಬಂದಾಗ ತಾನೇ!

ಈ ಮರ್ಯಾದೆಯ ವ್ಯವಸ್ಥೆಗೆ ಎದುರುನಿಂತವರು ಕ್ವೇಕರರು. 17ನೆಯ ಶತಮಾನದ ಮಧ್ಯದಲ್ಲಿ ಜಾರ್ಜ್ ಫಾಕ್ಸ್ ಹುಟ್ಟುಹಾಕಿದ ಈ ಕ್ರೈಸ್ತ ಪಂಥದವರು ಯಾರ ಮುಂದೆಯೂ ಟೋಪಿ ತೆಗೆಯುತ್ತಿರಲಿಲ್ಲ; ಯಾರನ್ನೂ ‘ಯೂ’ ಎನ್ನುತ್ತಿರಲಿಲ್ಲ. ನ್ಯಾಯಾಧೀಶನಿಗೂ ‘ದೌ’, ಜಮೀನ್ದಾರನಿಗೂ ‘ದೌ’. ಒಬ್ಬನನ್ನು ಹಲವರೆಂದು ಕರೆಯುವುದು ಸುಳ್ಳು, ಕರೆಸಿಕೊಳ್ಳುವುದು ಅಹಂಕಾರ ಎಂಬುದು ಅವರ ವಾದ. ಫಾಕ್ಸ್ ಇಬ್ಬರು ಸಂಗಡಿಗರೊಡನೆ 1660ರಲ್ಲಿ ಇದೇ ವಿಷಯದ ಮೇಲೆ ದೊಡ್ಡ ಗ್ರಂಥವೊಂದನ್ನೇ ಪ್ರಕಟಿಸಿದ. ಏಕವಚನ ಬಹುವಚನ ಬೇರೆ ಬೇರೆ ಎಂಬುದಕ್ಕೆ ಹತ್ತಾರು ಭಾಷೆಗಳ ಸಾಕ್ಷ್ಯ ಅದರಲ್ಲಿದೆ. ವ್ಯಾಕರಣದ ದೃಷ್ಟಿಯಿಂದ ಕ್ವೇಕರರ ಮಾತು ಸರಿಯೇ ಆಗಿತ್ತು. ಆದರೆ ಅವರಿಗೆ ಸಿಕ್ಕಿದ್ದು ಬೈಗುಳ, ಹೊಡೆತ. ಥಾಮಸ್ ಎಲ್ವುಡ್ ಎಂಬ ತರುಣ, ಮುಂದೆ ಮಹಾಕವಿ ಮಿಲ್ಟನ್ನನ ಆಪ್ತನಾದವನು, ಸ್ವಂತ ತಂದೆಯನ್ನು ‘ದೌ’ ಎಂದದ್ದಕ್ಕೆ ಮತ್ತು ಟೋಪಿ ತೆಗೆಯದಿದ್ದುದಕ್ಕೆ ತಂದೆಯ ಕೈಯಿಂದಲೇ ಪೆಟ್ಟು ತಿಂದ. ಆ ತಂದೆ ಊರಿನ ನ್ಯಾಯಾಧಿಕಾರಿಯೂ ಹೌದು.

ಕೊನೆಗೆ ಗೆದ್ದದ್ದು ‘ಯೂ’. ಪಟ್ಟಣಗಳು ಬೆಳೆದು, ಎದುರಿಗಿರುವವನ ಅಂತಸ್ತು ಏನೆಂದು ಗೊತ್ತಾಗದ ಕಾಲ ಬಂದಾಗ, ಎಲ್ಲರನ್ನೂ ಬಹುವಚನದಲ್ಲಿ ಕರೆಯುವುದೇ ಕ್ಷೇಮವೆನಿಸಿತು. ಕ್ವೇಕರರು ಎಲ್ಲರನ್ನೂ ‘ನೀನು’ ಎಂದು ಸಮಾನರಾಗಿಸಲು ಹೊರಟಿದ್ದರು. ಇಂಗ್ಲಿಷ್ ಸಮಾಜ ಎಲ್ಲರನ್ನೂ ‘ನೀವು’ ಎಂದು ಸಮಾನರಾಗಿಸಿತು. ಒಂದು ತೊಡಕು ಉಳಿಯಿತು. ಒಬ್ಬನೇ ವ್ಯಕ್ತಿಗೆ ‘ಯೂ ವಾಸ್’ ಎನ್ನಬೇಕೋ ‘ಯೂ ವರ್’ ಎನ್ನಬೇಕೋ? 18ನೆಯ ಶತಮಾನದಲ್ಲಿ ಓದು ಬಲ್ಲವರೂ ‘ಯೂ ವಾಸ್’ ಎನ್ನುತ್ತಿದ್ದರು. 1762ರಲ್ಲಿ ವ್ಯಾಕರಣ ಬರೆದ ಪಾದ್ರಿ ರಾಬರ್ಟ್ ಲೌತ್ ಅದನ್ನು ಭಾರೀ ಪ್ರಮಾದವೆಂದು ಖಂಡಿಸಿದ. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ ಅದರ ಪರವಾಗಿ ವಾದಿಸಿದ. ಲೌತ್‌ನ ಪಕ್ಷ ಗೆದ್ದಿತು. ಏಕವಚನದ ‘ಯೂ’ ಬಹುವಚನದ ಕ್ರಿಯಾಪದವನ್ನು ಕಟ್ಟಿಕೊಂಡಿತು. ಈ ಅಂಶ ಮುಂದೆ ಬೇಕಾಗುತ್ತದೆ.

ಲೌತ್ ಮತ್ತು ಅವನ ಹಿಂದೆ ಬಂದವರ ಕಣ್ಣೆದುರು ಇದ್ದ ಮಾದರಿ ಲ್ಯಾಟಿನ್. ಬಾಗಿಲು ತಟ್ಟಿದವನು ‘ಇಟ್ ಈಸ್ ಐ’ ಎನ್ನಬೇಕು, ‘ಇಟ್ ಈಸ್ ಮೀ’ ಎನ್ನಬಾರದು ಎಂಬ ನಿಯಮ ಆ ಕಡೆಯದು. ‘ಆಗಿರು’ ಎಂಬ ಕ್ರಿಯೆಯ ಎರಡು ಬದಿಗೂ ಪ್ರಥಮಾ ವಿಭಕ್ತಿಯೇ ಬರಬೇಕು ಎಂಬುದು ತರ್ಕ. ಕನ್ನಡಿಗನಿಗೆ ಇದು ಸಹಜವಾಗಿಯೇ ಕಾಣುತ್ತದೆ; ‘ಯಾರದು?’ ಎಂದರೆ ‘ನಾನು’ ಎನ್ನುತ್ತೇವೆಯೇ ಹೊರತು ‘ನನ್ನನ್ನು’ ಎನ್ನುವುದಿಲ್ಲ. ಆದರೆ ಇಂಗ್ಲಿಷರ ನಾಲಗೆ ಬೇರೆ ದಾರಿ ಹಿಡಿದಿತ್ತು. ಪಕ್ಕದ ಫ್ರೆಂಚರೂ ‘ನಾನು’ ಎನ್ನಬೇಕಾದ ಆ ಜಾಗದಲ್ಲಿ ‘ಮ್ವಾ’ ಎಂಬ ಬೇರೆ ರೂಪವನ್ನೇ ಬಳಸುತ್ತಾರೆ. ಇಂದು ಮನೆಯ ಬಾಗಿಲಲ್ಲಿ ನಿಂತು ‘ಇಟ್ ಈಸ್ ಐ’ ಎನ್ನುವ ಇಂಗ್ಲಿಷನನ್ನು ಕಾಣುವುದು ಕಷ್ಟ. ಎಂದರೂ ಒಳಗಿನವರಿಗೆ ನಾಟಕದ ಮಾತಿನಂತೆ ಕೇಳಿಸೀತು.

ಈ ತಿದ್ದುಪಡಿಯಿಂದ ಒಂದು ಅಡ್ಡಪರಿಣಾಮವೂ ಆಯಿತು. ‘ಮೀ’ ಎಂದಾಗಲೆಲ್ಲ ಬೈಸಿಕೊಂಡ ಮಕ್ಕಳು, ‘ಮೀ’ ಎಂಬುದೇ ಕೀಳು, ‘ಐ’ ಎಂಬುದೇ ಮೇಲು ಎಂದು ತಿಳಿದು ‘ಬಿಟ್ವೀನ್ ಯೂ ಅಂಡ್ ಐ’ ಎನ್ನತೊಡಗಿದರು. ಅಲ್ಲಿ ‘ಮೀ’ಯೇ ಸರಿ. ಷೇಕ್ಸ್‌ಪಿಯರನ ನಾಟಕದಲ್ಲೇ ಆ ಪ್ರಯೋಗ ಸಿಗುತ್ತದೆ ಎಂಬುದು ನಿಜವಾದರೂ ಪರೀಕ್ಷೆಯ ಹಾಲಿನಲ್ಲಿ ಆ ಸಮರ್ಥನೆ ನಡೆಯುವುದಿಲ್ಲ. ಸಂದೇಹ ಬಂದಾಗ ಜೊತೆಯವನನ್ನು ತೆಗೆದು ನೋಡುವುದು ಒಳ್ಳೆಯ ಉಪಾಯ. ‘ಅಪ್ಪ ನನ್ನನ್ನೂ ತಮ್ಮನನ್ನೂ ಕರೆದರು’ ಎಂಬಲ್ಲಿ ತಮ್ಮನನ್ನು ಬಿಟ್ಟರೆ ಉಳಿಯುವುದು ‘ನನ್ನನ್ನು’, ಆದ್ದರಿಂದ ‘ಮೀ’. ಎರಡನ್ನೂ ತಪ್ಪಿಸಿಕೊಳ್ಳಲು ಕಚೇರಿಯ ಪತ್ರಗಳಲ್ಲಿ ‘ಮೈಸೆಲ್ಫ್’ ಎಂದು ಬರೆಯುವುದು ನಮ್ಮಲ್ಲಿ ಹೆಚ್ಚು. ‘ನಾನೇ ಖುದ್ದಾಗಿ’ ಎಂಬ ಅರ್ಥ ಇಲ್ಲದ ಕಡೆ ಅದು ಬೇಕಿಲ್ಲ. ‘ಹೂ’, ‘ಹೂಮ್’ ವ್ಯತ್ಯಾಸವಂತೂ ಬರಹದಲ್ಲಿ ಉಸಿರು ಹಿಡಿದುಕೊಂಡಿದೆ, ಮಾತಿನಲ್ಲಿ ಹೆಚ್ಚುಕಡಿಮೆ ಮುಗಿದಿದೆ. ‘ನೀನು, ಅವನು, ನಾನು’ ಎಂಬ ಅನುಕ್ರಮದಲ್ಲಿ ತನ್ನನ್ನು ಕೊನೆಗೆ ಹೇಳಿಕೊಳ್ಳಬೇಕೆಂದು ರೆನ್ ಮತ್ತು ಮಾರ್ಟಿನ್ ಹೇಳುವುದು ಸಭ್ಯತೆಯ ಪಾಠ, ಅದನ್ನು ಅವರೇ ಒಪ್ಪುತ್ತಾರೆ.

ಇಂಥವು ಸಣ್ಣಪುಟ್ಟ ವಿಷಯಗಳು. ಆರಂಭದಲ್ಲಿ ಹೇಳಿದ ‘ಹೀ’ ಅಂಥದಲ್ಲ.

ಲಿಂಗ ತಿಳಿಯದ ಒಬ್ಬ ವ್ಯಕ್ತಿಗೆ ‘ದೇ’ ಎನ್ನುವ ವಾಡಿಕೆ ಇಂಗ್ಲಿಷಿನಲ್ಲಿ ಬಹಳ ಹಳೆಯದು. ಆಕ್ಸ್‌ಫರ್ಡ್ ನಿಘಂಟಿನವರು ಅದನ್ನು 1375ರ ಸುಮಾರಿನ ಒಂದು ಪ್ರಣಯಸಾಹಸ ಕಾವ್ಯದವರೆಗೆ ಹಿಂಬಾಲಿಸಿದ್ದಾರೆ. ಚಾಸರ್, ಷೇಕ್ಸ್‌ಪಿಯರ್, ಜೇನ್ ಆಸ್ಟೆನ್ ಎಲ್ಲರಲ್ಲೂ ಅದಿದೆ. ಇಂಥ ಕಡೆ ‘ಹೀ’ ಎಂದರೆ ಗಂಡು ಹೆಣ್ಣು ಇಬ್ಬರೂ ಸೇರುತ್ತಾರೆ ಎಂಬ ನಿಯಮವನ್ನು, ತಿಳಿದಿರುವ ಮಟ್ಟಿಗೆ, ವ್ಯಾಕರಣ ಪುಸ್ತಕದಲ್ಲಿ ಮೊದಲು ಬರೆದದ್ದು ಒಬ್ಬ ಮಹಿಳೆ. ಆಕೆ ನ್ಯೂಕಾಸಲ್ ಊರಿನ ಶಾಲಾ ಶಿಕ್ಷಕಿ ಆನ್ ಫಿಷರ್. ಕಾಲ 1745ರ ಸುಮಾರು. ಲ್ಯಾಟಿನ್ ಬಾರದ ಹೆಣ್ಣುಮಕ್ಕಳಿಗೂ ಇಂಗ್ಲಿಷ್ ವ್ಯಾಕರಣ ತಿಳಿಯಲಿ ಎಂದು ದುಡಿದ ಆಕೆಗೆ ಮುಂದೆ ತನ್ನ ನಿಯಮ ಏನೇನು ಕೆಲಸಕ್ಕೆ ಬರುತ್ತದೆ ಎಂಬ ಕಲ್ಪನೆ ಇರಲು ಸಾಧ್ಯವಿರಲಿಲ್ಲ. ನಿಯಮವನ್ನು ಮನೆಮನೆಗೆ ಮುಟ್ಟಿಸಿದವನು ಲಿಂಡ್ಲಿ ಮರ್ರೆ. ನ್ಯೂಯಾರ್ಕಿನಲ್ಲಿ ವಕೀಲನಾಗಿದ್ದು, ಇಂಗ್ಲೆಂಡಿನ ಯಾರ್ಕ್ ನಗರದ ಬಳಿ ಬಂದು ನೆಲೆಸಿದ ಈತ 1795ರಲ್ಲಿ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ ಬರೆದ ವ್ಯಾಕರಣ ನೂರಾರು ಮುದ್ರಣ ಕಂಡಿತು. ‘ದೇ’ ಎಂದಿದ್ದ ವಾಕ್ಯಗಳನ್ನು ‘ಹೀ’ ಎಂದು ತಿದ್ದಿ ತೋರಿಸುವ ಅಭ್ಯಾಸಗಳು ಅದರಲ್ಲಿದ್ದವು. ಮರ್ರೆಯೂ ಕ್ವೇಕರನೇ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಒಬ್ಬನನ್ನು ಹಲವರೆನ್ನಬಾರದು ಎಂಬ ಆ ಪಂಥದ ಹಳೆಯ ಛಲ ಇಲ್ಲಿ ಇನ್ನೊಂದು ವೇಷದಲ್ಲಿ ಬಂತೇನೋ.

ವ್ಯಾಕರಣದ ನಿಯಮ ಕಾನೂನಾದದ್ದು 1850ರಲ್ಲಿ. ಬ್ರಿಟಿಷ್ ಪಾರ್ಲಿಮೆಂಟು ತನ್ನ ಕಾಯಿದೆಗಳ ಭಾಷೆಯನ್ನು ಮೊಟಕುಗೊಳಿಸಲು ಒಂದು ಕಾಯಿದೆ ಮಾಡಿತು. ಬೇರೆ ರೀತಿ ಸ್ಪಷ್ಟವಾಗಿ ಹೇಳದ ಹೊರತು ಪುಲ್ಲಿಂಗದ ಶಬ್ದಗಳಲ್ಲಿ ಸ್ತ್ರೀಯರೂ ಸೇರುತ್ತಾರೆ ಎಂದು ಅದು ಸಾರಿತು. ‘ಹೀ ಆರ್ ಷಿ’ ಎಂದು ಪದೇ ಪದೇ ಬರೆಯುವ ಶ್ರಮ ತಪ್ಪಿಸುವುದಷ್ಟೇ ಉದ್ದೇಶ. ಹದಿನೇಳು ವರ್ಷಗಳ ನಂತರ, 1867ರಲ್ಲಿ, ಮತದಾನದ ಹಕ್ಕನ್ನು ವಿಸ್ತರಿಸುವ ಮಸೂದೆ ಬಂದಾಗ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್, ಅದರಲ್ಲಿದ್ದ ‘ಮ್ಯಾನ್’ ಎಂಬ ಶಬ್ದದ ಬದಲು ‘ಪರ್ಸನ್’ ಎಂದು ಹಾಕಿರಿ ಎಂದು ತಿದ್ದುಪಡಿ ಮಂಡಿಸಿದ. ಪರವಾಗಿ 73 ಮತ, ವಿರುದ್ಧ 196. ತಿದ್ದುಪಡಿ ಬಿದ್ದರೇನಂತೆ, 1850ರ ಕಾಯಿದೆಯ ಪ್ರಕಾರ ‘ಮ್ಯಾನ್’ ಎಂದರೂ ಹೆಂಗಸರು ಸೇರಿದಂತೆಯೇ ಅಲ್ಲವೇ ಎಂದು ಮ್ಯಾಂಚೆಸ್ಟರಿನ 5,000ಕ್ಕೂ ಹೆಚ್ಚು ಹೆಂಗಸರು ಮತದಾರರ ಪಟ್ಟಿಗೆ ಹೆಸರು ಕೊಟ್ಟರು. 1868ರಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಹೆಂಗಸರು ಮತ ಹಾಕಿದ ರೂಢಿಯಿಲ್ಲ, ಆದ್ದರಿಂದ ಇಲ್ಲಿ ‘ಮ್ಯಾನ್’ ಎಂದರೆ ಗಂಡಸೇ ಎಂಬುದು ತೀರ್ಪಿನ ಸಾರ.

ಅಮೆರಿಕದ ಸೂಸನ್ ಆಂಟನಿ 1872ರ ನವೆಂಬರಿನಲ್ಲಿ ರಾಚೆಸ್ಟರ್ ನಗರದಲ್ಲಿ ಹೋಗಿ ಮತ ಹಾಕಿಯೇ ಬಿಟ್ಟರು. ಅವರನ್ನು ಬಂಧಿಸಿ, 1873ರ ಜೂನಿನಲ್ಲಿ ವಿಚಾರಣೆ ನಡೆಸಿ 100 ಡಾಲರ್ ದಂಡ ಹಾಕಲಾಯಿತು. ಅದನ್ನು ಅವರು ಕಟ್ಟಲಿಲ್ಲ. ವಿಚಾರಣೆಗೆ ಮೊದಲು ಊರೂರು ತಿರುಗಿ ಮಾಡಿದ ಭಾಷಣದಲ್ಲಿ ಅವರು ಎತ್ತಿದ್ದು ಸರ್ವನಾಮದ ಪ್ರಶ್ನೆಯನ್ನೇ. ತೆರಿಗೆಯ ಕಾನೂನಿನಲ್ಲಿ ‘ಷಿ’ ಎಂಬ ಮಾತಿಲ್ಲ, ಅಪರಾಧದ ಕಾನೂನಿನಲ್ಲೂ ಇಲ್ಲ. ಎಲ್ಲ ಕಡೆ ಇರುವುದು ‘ಹೀ’. ಆ ‘ಹೀ’ ಹೆಸರಿನಲ್ಲಿ ಹೆಂಗಸಿನಿಂದ ತೆರಿಗೆ ವಸೂಲು ಮಾಡಬಹುದು, ಅವಳನ್ನು ಗಲ್ಲಿಗೂ ಏರಿಸಬಹುದು. ಮತದ ಪೆಟ್ಟಿಗೆಯ ಮುಂದೆ ಮಾತ್ರ ‘ಹೀ’ ಎಂದರೆ ಗಂಡಸು ಹೇಗಾಗುತ್ತಾನೆ? ಆಂಟನಿ 1906ರಲ್ಲಿ ತೀರಿಕೊಂಡರು. ಅಮೆರಿಕದ ಸಂವಿಧಾನ ತಿದ್ದುಪಡಿಯಾಗಿ ಹೆಂಗಸರಿಗೆ ಮತ ಬಂದದ್ದು 1920ರಲ್ಲಿ.

ಭಾರತದಲ್ಲಿ ಈ ಇಬ್ಬಂದಿತನ ಇನ್ನೂ ನಿಚ್ಚಳವಾಗಿ ಕಾಣುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 8ನೆಯ ಕಲಮು, ‘ಹೀ’ ಎಂಬ ಸರ್ವನಾಮ ಮತ್ತು ಅದರ ರೂಪಗಳು ಗಂಡಾಗಲಿ ಹೆಣ್ಣಾಗಲಿ ಯಾವ ವ್ಯಕ್ತಿಗೂ ಅನ್ವಯಿಸುತ್ತವೆ ಎಂದು ಹೇಳಿತು. ಕಳವು ಮಾಡಿದ ಹೆಂಗಸು ‘ಹೀ’ ಎಂಬುದರಲ್ಲಿ ಸೇರುತ್ತಾಳೋ ಇಲ್ಲವೋ ಎಂದು ಯಾವ ಪೊಲೀಸನೂ ಚಿಂತಿಸಬೇಕಾಗಿರಲಿಲ್ಲ. 1897ರ ಸಾಮಾನ್ಯ ಖಂಡಗಳ ಕಾಯಿದೆಯ 13ನೆಯ ಕಲಮು ಇದೇ ತತ್ತ್ವವನ್ನು ಇತರ ಕಾಯಿದೆಗಳಿಗೂ ಅನ್ವಯಿಸಿತು. ವಿಷಯಕ್ಕೋ ಸಂದರ್ಭಕ್ಕೋ ವಿರುದ್ಧವಾಗದಿದ್ದರೆ ಎಂಬ ಒಂದು ಬಾಲವೂ ಅದಕ್ಕಿತ್ತು.

ಆ ಬಾಲ 1916ರಲ್ಲಿ ಸುತ್ತಿಕೊಂಡಿತು. ಎಂ.ಎ., ಬಿ.ಎಲ್. ಪದವಿ ಪಡೆದ ರೆಜಿನಾ ಗುಹ, ಕಲ್ಕತ್ತೆಯ ಅಲಿಪುರದ ಜಿಲ್ಲಾ ನ್ಯಾಯಾಲಯದಲ್ಲಿ ಪ್ಲೀಡರ್ ಆಗಿ ನೋಂದಾಯಿಸಿಕೊಳ್ಳಲು ಅರ್ಜಿ ಹಾಕಿದರು. ವಿಷಯ ಹೈಕೋರ್ಟಿಗೆ ಹೋಯಿತು. 1879ರ ವಕೀಲರ ಕಾಯಿದೆಯಲ್ಲಿ ಎಲ್ಲ ಕಡೆ ‘ಹೀ’ ಇತ್ತು. ಸಾಮಾನ್ಯ ಖಂಡಗಳ ಕಾಯಿದೆಯ ಪ್ರಕಾರ ‘ಹೀ’ ಎಂದರೆ ಹೆಂಗಸೂ ಸೇರುತ್ತಾಳೆ ಎಂಬುದು ಅರ್ಜಿದಾರರ ವಾದ. ಐವರು ನ್ಯಾಯಮೂರ್ತಿಗಳ ಪೀಠ ಒಪ್ಪಲಿಲ್ಲ. ಆ ಕಾಯಿದೆ ಬರೆದವರ ಮನಸ್ಸಿನಲ್ಲಿ ಹೆಂಗಸು ವಕೀಲಳಾಗುವ ಯೋಚನೆಯೇ ಇರಲಿಲ್ಲ, ಆದ್ದರಿಂದ ಅಲ್ಲಿಯ ‘ಹೀ’ ಗಂಡಸೇ ಎಂದಾಯಿತು. 1921ರಲ್ಲಿ ಪಾಟ್ನಾ ಹೈಕೋರ್ಟು ಸುಧಾಂಶುಬಾಲಾ ಹಜ್ರಾ ಅವರ ಅರ್ಜಿಯನ್ನೂ ತಿರಸ್ಕರಿಸಿತು. ಅದೇ ವರ್ಷ ಅಲಹಾಬಾದ್ ಹೈಕೋರ್ಟು, ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿಬಂದಿದ್ದ ಕಾರ್ನೀಲಿಯಾ ಸೊರಾಬ್ಜಿ ಅವರನ್ನು ನೋಂದಾಯಿಸಿಕೊಂಡಿತು. ಒಂದೇ ದೇಶ, ಅದೇ ‘ಹೀ’. ಗಂಗೆಯ ದಡದ ಒಂದು ಊರಿನಲ್ಲಿ ಒಂದು ಅರ್ಥ, ಇನ್ನೊಂದು ಊರಿನಲ್ಲಿ ಇನ್ನೊಂದು. ಕೊನೆಗೆ 1923ರಲ್ಲಿ, ಹೆಂಗಸೆಂಬ ಕಾರಣಕ್ಕೆ ಯಾರನ್ನೂ ವಕೀಲಿ ವೃತ್ತಿಯಿಂದ ದೂರವಿಡಬಾರದು ಎಂದು ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಶಿಕ್ಷೆಗೆ ಒಳಗಾಗುವಾಗ ಹೆಂಗಸು ‘ಹೀ’ ಒಳಗಿದ್ದಳು. ಅಧಿಕಾರ ಕೇಳಿದಾಗ ಹೊರಗಾದಳು. ವ್ಯಾಕರಣದ ನಿಯಮ ಪ್ರಾಮಾಣಿಕವಾಗಿದ್ದರೆ ಎರಡು ಕಡೆಯೂ ಒಂದೇ ರೀತಿ ನಡೆಯಬೇಕಿತ್ತು.

ಹೊಸ ಸರ್ವನಾಮವನ್ನೇ ತಯಾರಿಸಿದರೆ ಹೇಗೆ ಎಂದು ಯೋಚಿಸಿದವರೂ ಇದ್ದರು. ಅಮೆರಿಕದ ವಕೀಲ ಹಾಗೂ ಭಕ್ತಿಗೀತೆಗಳ ಸಂಗೀತಕಾರ ಚಾರ್ಲ್ಸ್ ಕಾನ್ವರ್ಸ್ 1884ರಲ್ಲಿ ‘ದಾನ್’ ಎಂಬ ಶಬ್ದವನ್ನು ಮುಂದಿಟ್ಟ. ‘ದಟ್ ಒನ್’ ಎಂಬುದರ ಸಂಕ್ಷೇಪ ಅದು. 1934ರ ವೆಬ್‌ಸ್ಟರ್ ದೊಡ್ಡ ನಿಘಂಟಿನಲ್ಲಿ ಅದಕ್ಕೆ ಜಾಗವೂ ಸಿಕ್ಕಿತು. ಬಳಸುವವರಿಲ್ಲದೆ 1961ರ ಆವೃತ್ತಿಯಲ್ಲಿ ಬಿದ್ದುಹೋಯಿತು. ಇಂಥ ಹತ್ತಾರು ಪ್ರಯತ್ನಗಳಾಗಿವೆ. ಒಳಮನೆಯ ಸಾಮಾನನ್ನು ಅಂಗಡಿಯಿಂದ ತಂದು ಜೋಡಿಸುವುದು ಅಷ್ಟು ಸುಲಭವಲ್ಲ.

ಜನ ಮಾತ್ರ ಈ ಅವಧಿಯುದ್ದಕ್ಕೂ ಮಾತಿನಲ್ಲಿ ‘ದೇ’ ಎನ್ನುವುದನ್ನು ಬಿಟ್ಟಿರಲಿಲ್ಲ. 1970ರ ದಶಕದ ಮಹಿಳಾ ಚಳವಳಿಯ ನಂತರ ಬರಹದಲ್ಲೂ ‘ಹೀ’ ಎಂಬುದರ ಏಕಸ್ವಾಮ್ಯ ಸಡಿಲವಾಯಿತು. ‘ಹೀ ಆರ್ ಷಿ’ ಎಂಬುದು ಬಂತು. ಎರಡು ಸಾಲಿನಲ್ಲಿ ಮೂರು ಸಲ ಬಂದರೆ ಓದುವವನಿಗೆ ಬೇಸರ. ಬ್ರಿಟನ್ ಸರ್ಕಾರ 2007ರಿಂದ ತನ್ನ ಮಸೂದೆಗಳನ್ನು ಲಿಂಗಭೇದ ತೋರದ ಭಾಷೆಯಲ್ಲಿ ಬರೆಯುವ ಪದ್ಧತಿಗೆ ಬಂದಿತು. ಗಂಡು, ಹೆಣ್ಣು ಎಂಬ ಎರಡರಲ್ಲಿ ಯಾವುದಕ್ಕೂ ತಮ್ಮನ್ನು ಸೇರಿಸಿಕೊಳ್ಳದ ಕೆಲವರು ತಮ್ಮನ್ನು ‘ದೇ’ ಎಂದೇ ಕರೆಯಬೇಕೆಂದು ಕೇಳತೊಡಗಿದ ಮೇಲೆ ವಿಷಯಕ್ಕೆ ಹೊಸ ಕಾವು ಬಂತು. 2019ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟು ಈ ಅರ್ಥವನ್ನು ಸೇರಿಸಿಕೊಂಡು ‘ದೇ’ ಶಬ್ದವನ್ನೇ ಆ ವರ್ಷದ ಪದವೆಂದು ಸಾರಿತು. ಅಮೆರಿಕದ ಮನೋವಿಜ್ಞಾನ ಸಂಘದ ಬರವಣಿಗೆ ಕೈಪಿಡಿಯೂ ಅದೇ ವರ್ಷ ಏಕವಚನದ ‘ದೇ’ಯನ್ನು ಒಪ್ಪಿತು. ಒಬ್ಬ ವ್ಯಕ್ತಿಗೆ ‘ದೇ ಆರ್’ ಎನ್ನುವುದು ವಿಚಿತ್ರವಲ್ಲವೇ ಎಂದು ಆಕ್ಷೇಪಿಸುವವರಿಗೆ ಉತ್ತರ ಸಿದ್ಧವಿದೆ. ಒಬ್ಬನಿಗೇ ‘ಯೂ ಆರ್’ ಎನ್ನುತ್ತ ಬಂದವರು ಅವರೇ. ಒಬ್ಬ ಹಿರಿಯರಿಗೆ ‘ಅವರು ಬಂದರು’ ಎನ್ನುವ ಕನ್ನಡಿಗನಿಗಂತೂ ಇದರಲ್ಲಿ ವಿಚಿತ್ರವೇನೂ ಕಾಣಬೇಕಿಲ್ಲ; ಆ ‘ಅವರು’ ಎಂಬುದರಲ್ಲಿ ಗಂಡು ಹೆಣ್ಣಿನ ಗುರುತೂ ಇಲ್ಲ. ಎಂದಮಾತ್ರಕ್ಕೆ ತಂದೆಯನ್ನು ‘ದೇ’ ಎಂದು ಬರೆದ ಹುಡುಗನ ವಾಕ್ಯ ಸರಿಯಾಗುವುದಿಲ್ಲ. ಇಂಗ್ಲಿಷಿನ ‘ದೇ’ ಗೌರವವನ್ನು ಸೂಚಿಸುವುದಿಲ್ಲ. ವ್ಯಕ್ತಿ ಯಾರೆಂದು ತಿಳಿಯದಿದ್ದಾಗ ಅಥವಾ ಅವರೇ ಹಾಗೆ ಕೇಳಿಕೊಂಡಾಗ ಅದು ಬರುತ್ತದೆ.

ಭಾರತದ ಕಾನೂನಿನ ‘ಹೀ’ ಕೂಡ ಇತ್ತೀಚೆಗೆ ಒಂದಿಷ್ಟು ಹಿಗ್ಗಿದೆ. 1860ರ ದಂಡ ಸಂಹಿತೆಯ ಬದಲು 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದರ 2ನೆಯ ಕಲಮಿನ 10ನೆಯ ಉಪಕಲಮು, ಹಳೆಯ 8ನೆಯ ಕಲಮಿನ ಮಾತನ್ನೇ ಉಳಿಸಿಕೊಂಡು ಒಂದು ಶಬ್ದವನ್ನು ಸೇರಿಸಿದೆ. ‘ಹೀ’ ಎಂಬ ಸರ್ವನಾಮ ಮತ್ತು ಅದರ ರೂಪಗಳು ಪುರುಷ, ಸ್ತ್ರೀ ಅಥವಾ ತೃತೀಯ ಲಿಂಗಿಯಾಗಿರುವ ಯಾವ ವ್ಯಕ್ತಿಗೂ ಅನ್ವಯಿಸುತ್ತವೆ ಎಂದು ಅಲ್ಲಿದೆ.